ತಿರುಚಿದ ಸುತ್ತು

ಉಲ್ಲನ್ ಹೆಣಿಗೆ ಎಂದರೆ ಆ ಮನೆಯಲ್ಲಿ ಹಿರಿಸೊಸೆ. ಎರಡು ಕಡ್ಡಿ ಹಿಡಿದು ಹಾಳೆಯಂತೆ ಹೆಣೆದು, ಅಂಚು ಕೂಡಿಸಿ ಹೊಲಿದು, ಎಲ್ಲರ ತಲೆಗೂ ಟೋಪಿ ಕೊಟ್ಟವಳು ಅವಳೇ. ಈಗ ನಿನ್ನೆ ಮೊನ್ನೆ ಬಂದ ಕಿರಿಸೊಸೆ, ನಡುವೆ ವೈರ್ ಇರುವ ಜೋಡಿ ಕಡ್ಡಿ ತಂದು ಅತ್ತೆಗೆ ಟೋಪಿ ಹೆಣೆಯಲು ಕೂತಿದ್ದಳು.

"ಇದ್ರಲ್ಲಿ ಸುತ್ತಲೂ ಹೆಣೀತಾ ಹೋಗೋದು ಅಕ್ಕ. ಹೊಲಿಗೇನೇ ಬೇಡ."

ಹೊಲಿಗೆಯೇ ಬೇಡವಂತೆ! ಹಿರಿಯವಳಿಗೆ ಉರಿದುಹೋಯಿತು. ಅತ್ತೆ ಬೇರೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಕಿರಿಯವಳು ಕಡ್ಡಿಗೆ ಕುಣಿಕೆಗಳನ್ನು ಏರಿಸಿ, ಸುತ್ತಾಗಲೆಂದು ಎರಡು ತುದಿ ಕೂಡಿಸುವಾಗ, ಕುಣಿಕೆಗಳ ಸಾಲು ವೈರಿನ ಮೇಲೆ ಒಂದು ಕಡೆ ತಿರುಚಿಕೊಂಡಿದ್ದು ಹಿರಿಯವಳ ಕಣ್ಣಿಗೆ ಬಿತ್ತು. ಹಾಗೇ ಹೆಣೆದರೆ ತಿರುಚು ಉಳಿದೇಬಿಡುತ್ತದೆ, ಅದು ಜನ್ಮದಲ್ಲಿ ಟೋಪಿಯಾಗುವುದಿಲ್ಲ. ಹೇಳಲು ತುದಿನಾಲಿಗೆಗೆ ಬಂದಿತ್ತು. ಜಂಬ ಇಳಿಯಲಿ ಎಂದು ನುಂಗಿಕೊಂಡಳು.

ನಾಲ್ಕು ಬೆರಳು ಅಗಲ ಆದಮೇಲೆ ಕಿರಿಯವಳಿಗೂ ತಿಳಿಯಿತು. ಅಳುತ್ತಾಳೆ ಎಂದು ಇವಳು ಕಾದಿದ್ದೇ ಬಂತು. ಅವಳು ಪಕ್ಕನೆ ನಕ್ಕು, ಅಲ್ಲಿಗೇ ಹೆಣಿಗೆ ಮುಗಿಸಿ, ಆ ಪಟ್ಟಿಯನ್ನು ಅತ್ತೆಯ ಕಿವಿ ಮುಚ್ಚುವಂತೆ ತೊಡಿಸಿದಳು. ತಿರುಚು ಹಣೆಯ ನಡುವೆ ಗಂಟು ಹಾಕಿದ ಹಾಗೆ ಚೆಂದ ಕೂತಿತು. ಅತ್ತೆ ಕನ್ನಡಿ ಬಿಟ್ಟು ಕದಲಲಿಲ್ಲ.

"ಟೋಪಿ ಆಗ್ಬೇಕಿತ್ತು, ಅದು" ಎಂದಳು ಹಿರಿಯವಳು, ತಡೆಯಲಾರದೆ.

"ಆಗದೇ ಇದ್ದಿದ್ದೇ ಒಳ್ಳೇದಾಯ್ತು ಬಿಡೇ" ಎಂದರು ಅತ್ತೆ. " ನಿನ್ನ ಟೋಪಿ ಹೊಲಿಗೆ ಇಷ್ಟು ವರ್ಷ ಹಣೆಗೆ ಒತ್ತೋದು. ಬೇಜಾರು ಮಾಡ್ಕೋತೀಯ ಅಂತ ನಾನೇ ನುಂಗ್ಕೊಂಡಿದ್ದೆ."