ಮೈಕಿಗೆ ಅಂಜುವ ಕಂಡಕ್ಟರು

ನಮ್ಮ ಪಿರಿಯಾಪಟ್ಟಣದ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು ಕೂಗಿದರೆ ಹೊಲದಲ್ಲಿದ್ದವರೂ ತಲೆಯೆತ್ತುತ್ತಿದ್ದರು. ಬಡ್ತಿಯ ಮಾತು ಬಂದರೆ ಮಾತ್ರ ಟಿಕೆಟ್ ಮಿಷನ್ನನ್ನು ಎದೆಗೊತ್ತಿಕೊಂಡು, "ನಮ್ಮಂತೋರ್ಗೆ ಅದೆಲ್ಲ ಆಗಾಕಿಲ್ಲ ಬುಡಿ" ಎನ್ನುತ್ತಿದ್ದರು. ನಿಲ್ದಾಣದ ಕಂಟ್ರೋಲರ್ ಆದರೆ ಮೈಕಿನಲ್ಲಿ ಮಾತಾಡಬೇಕಲ್ಲ, ಅದೇ ಭಯ.

ಒಂದು ದಿನ ಹುಣಸೂರು ನಿಲ್ದಾಣದಲ್ಲಿ, ನಿವೃತ್ತಿಗೆ ಬಂದಿದ್ದ ಕಂಟ್ರೋಲರು ಈ ಕಂಡಕ್ಟರನ್ನು ತಮ್ಮ ಕೋಣೆಯಲ್ಲಿ ಎದುರಿಗೆ ಕೂರಿಸಿಕೊಂಡು ಸದ್ದಿಲ್ಲದೆ ಮೈಕಿನ ಗುಂಡಿ ಒತ್ತಿದರು.

"ನಾಕ್ ಜನದ ಮುಂದೆ ಮಾತಾಡಕ್ಕೆ ನಂಗೆ ಬರಾಕಿಲ್ಲ ಸಾ" ಎಂಬುದು ಇಡೀ ನಿಲ್ದಾಣಕ್ಕೆ ಕೇಳಿಸಿತು. ನಾವೆಲ್ಲ ನಗು ತಡೆದುಕೊಂಡು ನಿಂತೆವು. ಎಚ್.ಡಿ. ಕೋಟೆಗೆ ಹೋಗಬೇಕಿದ್ದ ಅಜ್ಜಿಯೊಬ್ಬರು ಕಿಟಕಿಗೆ ಬಂದು, "ಅದಿರ್ಲಿ ಕಣಪ್ಪ, ಕೋಟೆ ಬಸ್ಸೆಲ್ಲಿ?" ಎಂದರು.

"ಆ ಕೊನೇಲಿ ನಿಂತದೆ, ಈಗ್ಲೇ ಒಂಟೋಯ್ತದೆ, ಬ್ಯಾಗ ಓಗವ್ವ" ಎಂದರು ಕಂಡಕ್ಟರು.

ಅಜ್ಜಿಯ ಹಿಂದೆ ಅರ್ಧ ನಿಲ್ದಾಣವೇ ಓಡಿತು. ಕಂಟ್ರೋಲರು ಎದ್ದು ತಮ್ಮ ಕುರ್ಚಿಯನ್ನು ಇವರತ್ತ ತಳ್ಳಿದರು.