ಬರೆದವರ ಹೆಸರು

ಕತಾರಿನ ಲುಸೈಲ್‌ನ ಹೊಸ ಫ್ಲ್ಯಾಟಿಗೆ ಸಾಮಾನು ಕಟ್ಟುವಾಗ ಹಳೆಯ ಸೂಟ್‌ಕೇಸಿನಲ್ಲಿ ಒಂದು ಡಿವಿಡಿ ಸಿಕ್ಕಿತು. ಮೇಲೆ ಮಾರ್ಕರ್‌ನಲ್ಲಿ ಗೀಚಿದ ಮೂರು ಅಮೆರಿಕನ್ ಹೆಸರುಗಳು. ಧಾರಾವಾಹಿಯ ಹೆಸರಲ್ಲ, ನಟರದ್ದೂ ಅಲ್ಲ, ಅದನ್ನು ಬರೆದವರದ್ದು. ಯಾವ ಡಿಸ್ಕಿನಲ್ಲಿ ಏನಿದೆಯೆಂದು ಹಾಗೆ ಗೀಚಿಟ್ಟ ನನ್ನ ಹಳೆಯ ರೂಮಿನವರೊಬ್ಬರಿಗಲ್ಲದೆ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷಗಳ ಮೇಲೂ ನನಗೆ ಮೊದಲು ಬಂದದ್ದು ಸಿಟ್ಟೇ.

ಅವರು ನಮ್ಮ ಕಂಪನಿಯ ಸ್ಟೋರ್‌ಕೀಪರ್, ಮಂಗಳೂರು ಕಡೆಯವರು. ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದೆವು. ಶುಕ್ರವಾರ ಬಂತೆಂದರೆ ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿ. ಬಾಗಲಕೋಟೆಯ ನನಗೆ ಆ ಇಂಗ್ಲಿಷ್ ಅರ್ಧ ಮಾತ್ರ ತಲೆಗೆ ಹತ್ತುತ್ತಿತ್ತು. ಹೇಗೋ ಒಂದು ಜೋಕ್ ಹಿಡಿದು ನಗುವಷ್ಟರಲ್ಲಿ ರಿಮೋಟ್ ಒತ್ತಿ ನಿಲ್ಲಿಸಿ, ಅದರ ಹಿಂದಿನ ಕಥೆ ಶುರು ಮಾಡುತ್ತಿದ್ದರು. ಪಕ್ಕದ ಮನೆಯವನ ಪಾತ್ರ ಮಾಡಿದವನಿಗೆ ಆಮೇಲೆ ಬೇರೆ ಕೆಲಸವೇ ಸಿಗಲಿಲ್ಲವಂತೆ. ಹೋದಲ್ಲೆಲ್ಲ ಜನ ಅದೇ ಒಂದು ಮಾತು ಹೇಳಿಸುತ್ತಿದ್ದರಂತೆ. ಅತ್ತೆಯ ಚೂಪು ಮಾತುಗಳನ್ನೆಲ್ಲ ಬರೆದವಳನ್ನು ಎರಡನೇ ವರ್ಷವೇ ಕೈಬಿಟ್ಟರಂತೆ. ಕೊನೆಗೆ ಹೆಸರುಗಳು ಓಡುವಾಗ ಯಾರೂ ಊಟಕ್ಕೆ ಏಳುವಂತಿರಲಿಲ್ಲ. ಸಾರು ಆರಿ ಹೋಗುತ್ತಿತ್ತು…

“ಅಣ್ಣಾರ, ಒಂದೀಟು ನಗಾಕ ಬಿಡ್ರಿ,” ಎಂದೆ ಒಮ್ಮೆ.

“ನಗು ಮಾರಾಯ. ನಗಿಸಿದ್ದು ಯಾರು ಅಂತ ಗೊತ್ತುಂಟಾ ನಿಂಗೆ?”

ಒಂದು ವರ್ಷ ಇಲ್ಲಿನ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಅವರೇ ಒಂದು ಪ್ರಹಸನ ಬರೆದರು. ಒಂದು ರೂಮು, ಆರು ಜನ, ಒಂದೇ ಬಚ್ಚಲು: ನಮ್ಮದೇ ಕಥೆ. ಅಭ್ಯಾಸದಲ್ಲಿ ಪ್ರಾಣ ಹಿಂಡಿದರು. ನೀರು ನಿಂತ ಸುದ್ದಿ ತರುವವನು ಬಾಗಿಲಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಲ್ಲಬೇಕೆಂದು ಇಪ್ಪತ್ತು ಸಲ ಮಾಡಿಸಿದರು.

ಜನ ಬಿದ್ದು ಬಿದ್ದು ನಕ್ಕರು. ಮುಗಿದ ಮೇಲೆ ವಂದನೆ ಹೇಳಲು ಮೈಕು ನನ್ನ ಕೈಗೆ ಬಂತು. ನಟರು, ಲೈಟಿನವನು, ಬಿರಿಯಾನಿ ಕಳಿಸಿದ ಹೋಟೆಲಿನವರು, ಎಲ್ಲರ ಹೆಸರೂ ಹೇಳಿದೆ. ಬರೆದವರದ್ದು ಬಿಟ್ಟೆ. ಪರದೆಯ ಪಕ್ಕದಲ್ಲಿ ಅವರು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದರು, ಕರೆದರೆ ಒಂದೇ ಹೆಜ್ಜೆ…

ಬಸ್ಸಿನಲ್ಲಿ ತಪ್ಪಾಯಿತೆಂದೆ. “ಖಲಾಸ್, ಬಿಡು ಮಾರಾಯ. ಜನ ನಕ್ಕರಲ್ಲ,” ಎಂದರು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮುಂದಿನ ಶುಕ್ರವಾರ ಧಾರಾವಾಹಿ ಮುಗಿದದ್ದೇ ಹೆಸರುಗಳು ಬರುವ ಮೊದಲು ಟಿವಿ ಆರಿಸಿ, ಊಟಕ್ಕೆ ಎದ್ದರು. ಸಾರು ಬಿಸಿಯಾಗಿತ್ತು. ಆಮೇಲೆ ಅವರು ಏನೂ ಬರೆಯಲಿಲ್ಲ. ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೋದರು.

ಹೋದ ತಿಂಗಳು ತೀರಿಕೊಂಡರೆಂದು ಸುದ್ದಿ ಬಂತು. ಆ ಪ್ರಹಸನವನ್ನು ಈ ಸಲ ಮತ್ತೆ ಆಡೋಣ, ಅವರ ಹೆಸರು ಹೇಳಿಯೇ ಶುರು ಮಾಡೋಣ ಎಂದುಕೊಂಡೆ. ಅಂದು ಆಡಿದವರಿಗೆಲ್ಲ ಫೋನ್ ಮಾಡಿದೆ. ಅದರ ಪ್ರತಿ ಯಾರ ಬಳಿಯೂ ಇಲ್ಲ. ಜಗತ್ತಿನ ಬರಹಗಾರರ ಲೆಕ್ಕ ಇಟ್ಟ ಮನುಷ್ಯ ತನ್ನದೊಂದು ಜೆರಾಕ್ಸ್ ಮಾಡಿಸಿಡಬಾರದಿತ್ತೇ!

ಕೊನೆಗೆ ಅವರ ಹೆಂಡತಿಗೆ ಫೋನ್ ಮಾಡಿ, ಹಳೆಯ ಕಾಗದಗಳಲ್ಲಿ ಹುಡುಕಲು ಕೇಳಿದೆ.

“ಹೌದಾ? ಅವರು ಬರೀತಿದ್ರಾ?”

ಹೌದೆಂದೆ. ಅವರು ಬರೆದ ಒಂದು ಮಾತಾದರೂ ಹೇಳಿ ಎಂದರು. ನೆನಪಿನಲ್ಲಿ ಎಷ್ಟು ತಡಕಾಡಿದರೂ ಜನ ನಕ್ಕದ್ದಷ್ಟೇ ಕೇಳಿಸಿತು…