ಹಿನ್ನೀರಿನ ಹಳೇ ರಸ್ತೆಯಲ್ಲಿ ನನ್ನ ಓಟ

ಮನುಷ್ಯಕುಲದ ಚರಿತ್ರೆಯನ್ನು ಸಾವಧಾನವಾಗಿ ಅವಲೋಕಿಸಿದರೆ ಒಂದು ಸತ್ಯ ಗೋಚರಿಸುತ್ತದೆ. ಹುಲಿಯ ಮುಂದೆ ಓಡುತ್ತಿದ್ದ ಪ್ರಾಣಿಯೊಂದು ಸಾವಿರಾರು ವರ್ಷ ಪರಿಶ್ರಮಪಟ್ಟು, ಓಡದೆ ಒಂದು ಕಡೆ ಕೂತು ಕಾಫಿ ಕುಡಿಯುವ ಸ್ಥಿತಿಗೆ ಏರಿತು. ಅದನ್ನೇ ನಾಗರಿಕತೆ ಎನ್ನುತ್ತಾರೆ. ಈ ವಿಚಾರವನ್ನು ನಾನು ಕೊಪ್ಪದಲ್ಲಿ ನನ್ನ ಡಾಕ್ಟರ ಮುಂದೆ ಮಂಡಿಸಿದೆ. ಅವರು ರಕ್ತದ ರಿಪೋರ್ಟಿನಿಂದ ತಲೆ ಎತ್ತದೆ, "ಕಾಫಿಗೆ ಸಕ್ಕರೆ ಎಷ್ಟು?" ಎಂದು ಕೇಳಿದರು.

ತೀರ್ಪು ಹೀಗಿತ್ತು: ಮಳೆಗಾಲ ಹಿಡಿಯುವುದರೊಳಗೆ ಶುಗರ್ ಇಳಿಯಬೇಕು. ಇಳಿಯದಿದ್ದರೆ ದಿನವೂ ಹೊಟ್ಟೆಗೆ ಇನ್ಸುಲಿನ್ ಇಂಜೆಕ್ಷನ್, ಅದೂ ನಾನೇ ಚುಚ್ಚಿಕೊಳ್ಳಬೇಕು. ದನಕ್ಕೆ ಲಸಿಕೆ ಹಾಕುವವರು ಬಂದಾಗ ಕೊಟ್ಟಿಗೆಯ ಹಿಂದೆ ಹೋಗಿ ನಿಲ್ಲುವ ಮನುಷ್ಯ ನಾನು. ಹಗ್ಗ ಹಿಡಿಯುವುದು ಹೆಂಡತಿ. ಹಾಗಾಗಿ ಓಡುವುದೆಂದು ನಿಶ್ಚಯಿಸಿದೆ.

ನರಸಿಂಹರಾಜಪುರದ ಅಂಗಡಿಯಲ್ಲಿ ನನ್ನ ಪಾದದ ಅಳತೆಗೆ ಸಿಕ್ಕಿದ್ದು ಗಿಳಿಹಸಿರು ಬಣ್ಣದ ಶೂ ಮಾತ್ರ. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಳೆದುಹೋದ್ರೆ ಹುಡುಕೋಕೆ ಸುಲಭ" ಎಂದಳು.

ಓಡಲು ಚೆಂದದ ದಾರಿಗಳಿಗೆ ನಮ್ಮಲ್ಲಿ ಬರವಿಲ್ಲ. ನಮ್ಮ ಊರು ಕಡಹಿನಬೈಲಿನ ಕಡೆಯದು. ಒಂದು ಬದಿಗೆ ಭದ್ರಾ ಹಿನ್ನೀರು, ಇನ್ನೊಂದು ಬದಿಗೆ ಊರ ಕೆರೆ. ಬರವಿರುವುದು ಓಡುವವನನ್ನು ಅವನ ಪಾಡಿಗೆ ಬಿಡುವ ಜನಕ್ಕೆ.

ಮೊದಲು ಹಿನ್ನೀರಿನ ಪಕ್ಕದ ಟಾರು ರಸ್ತೆಯನ್ನು ಆರಿಸಿಕೊಂಡೆ. ನೀರಿನ ಮೇಲೆ ಬೆಳಗಿನ ಮಂಜು, ಅದರಾಚೆ ನೀಲಿ ಗುಡ್ಡ. ನೋಡಿದರೆ ಯಾರಿಗಾದರೂ ವೈರಾಗ್ಯ ಬರಬೇಕು. ಬಂದದ್ದು ಬೈಕು. ನಮ್ಮ ಕಡೆ ರಸ್ತೆಯಲ್ಲಿ ಕಾಲುನಡಿಗೆಯಲ್ಲಿ ಇರುವವನೆಂದರೆ ಬಸ್ಸು ತಪ್ಪಿದವನು, ಓಡುತ್ತಿರುವವನೆಂದರೆ ಬಸ್ಸು ಈಗಷ್ಟೇ ತಪ್ಪಿದವನು. ಅವನನ್ನು ಹತ್ತಿಸಿಕೊಳ್ಳದೆ ಹೋದರೆ ಪಾಪ ಬರುತ್ತದೆ. ಮೊದಲ ಬೈಕಿಗೆ ಬೇಡವೆಂದೆ, ಎರಡನೆಯದಕ್ಕೂ ಬೇಡವೆಂದೆ. ಮೂರನೆಯದು ನನ್ನ ಭಾವನದು, ಹೆಂಡತಿಯ ಅಣ್ಣನದು. ಅವನಿಗೂ ಬೇಡವೆಂದೆ. ಅವತ್ತು ಸಂಜೆ ಭಾವ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದು, ತನ್ನಿಂದ ಏನು ತಪ್ಪಾಯಿತೆಂದು ತಂಗಿಯ ಹತ್ತಿರ ವಿಚಾರಿಸಿದ. ತಾನು ಬೇಲಿ ಸರಿಸಿದ ಹಳೆಯ ಮಾತು ನನ್ನ ಮನಸ್ಸಿನಲ್ಲಿ ಇನ್ನೂ ಉಳಿದಿದೆ ಎಂದು ಅವನಿಗೆ ಅನುಮಾನ. ಬೇಲಿ ಸರಿಸಿದ್ದು ನನಗೆ ಗೊತ್ತಾದದ್ದೇ ಆಗ. ಸಂಬಂಧ ಉಳಿಯಲಿ ಎಂದು ಮರುದಿನದಿಂದ ಯಾರು ನಿಲ್ಲಿಸಿದರೂ ಹತ್ತಿದೆ. ಆ ವಾರ ನಾನು ಬಹಳ ದೂರ ಕ್ರಮಿಸಿದೆ, ಎಲ್ಲವೂ ಕೂತುಕೊಂಡೇ.

ಆಮೇಲೆ ಕೆರೆಯ ಏರಿ. ತಾವರೆ ಎಲೆ, ಮಿಂಚುಳ್ಳಿ, ಬೈಕಿನ ಕಾಟವಿಲ್ಲ. ಆದರೆ ಏರಿ ಮುಗಿದ ಮೇಲೆ ದಾರಿ ಹೋಗುವುದು ಮನೆಗಳ ಅಂಗಳದಲ್ಲೇ. ಅಂಗಳ ದಾಟುವವನನ್ನು ಒಳಗೆ ಕರೆದು ಕುಡಿಯಲು ಏನಾದರೂ ಕೊಡದೆ ಕಳಿಸುವ ಕ್ರಮ ನಮ್ಮಲ್ಲಿಲ್ಲ. ಏದುಸಿರು ಬಿಡುತ್ತ ದಾಟುವವನನ್ನಂತೂ ಕೇಳುವುದೇ ಬೇಡ. ಒಂದು ಮನೆಯಲ್ಲಿ ಕುಡಿದು ಪಕ್ಕದ ಮನೆಯಲ್ಲಿ ಬಿಟ್ಟರೆ ಅದೊಂದು ಜಗಳ. ಸಕ್ಕರೆ ಬೇಡ ಎಂದರೆ ಬೆಲ್ಲ ಹಾಕುತ್ತಿದ್ದರು, ಬೆಲ್ಲ ಸಕ್ಕರೆಯಲ್ಲವಂತೆ. ಹಲಸು ಹಣ್ಣಾಗುವ ಕಾಲ ಬೇರೆ.

ನಡುವೆ ಒಮ್ಮೆ ಪರೀಕ್ಷೆಗೆ ಹೋದೆ. ಶುಗರ್ ಏರಿತ್ತು. ಡಾಕ್ಟರು ಕನ್ನಡಕ ತೆಗೆದಿಟ್ಟು, "ಓಡ್ತಾ ಇದೀರೋ?" ಎಂದರು. ದಿನವೂ ಓಡುತ್ತಿದ್ದೇನೆ ಎಂದೆ.

"ಎಲ್ಲಿಗೆ?" ಎಂದರು.

ಕೊನೆಗೆ ಉಳಿದದ್ದು ಹಿನ್ನೀರಿನ ಹೊಟ್ಟೆ. ಬೇಸಿಗೆಯಲ್ಲಿ ನೀರು ಇಳಿದಂತೆ, ಅಣೆಕಟ್ಟು ಕಟ್ಟುವ ಮೊದಲು ಇದ್ದ ಹಳೇ ರಸ್ತೆ ಮೇಲೆ ಬರುತ್ತದೆ. ಅಲ್ಲಲ್ಲಿ ಕಲ್ಲು, ಒಂದು ಮುರುಕು ಮೋರಿ, ಕಪ್ಪಗೆ ನಿಂತ ಮರದ ಬೊಡ್ಡೆಗಳು, ಎರಡೂ ಕಡೆ ಎಳೆಹುಲ್ಲು. ಮನೆಯಿಲ್ಲ, ಬೈಕಿಲ್ಲ, ಬೆಳ್ಳಕ್ಕಿಗಳು ಕಾಫಿಗೆ ಕರೆಯುವುದಿಲ್ಲ. ಅಷ್ಟು ಹೊತ್ತು ಯಾರಿಗೂ ಉತ್ತರ ಕೊಡದೆ ಇರುವುದು ನನ್ನ ಜೀವನದಲ್ಲಿ ಅದೇ ಮೊದಲು. ನಿಜವಾಗಿ ಓಡಿದೆ. ನಾಗರಿಕತೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಯಿತು.

ಆದರೆ ಆ ಜಾಗಕ್ಕೂ ಅದರದೇ ಒಂದು ಕ್ರಮವಿದೆ. ಪ್ರತಿ ಬೇಸಿಗೆಯಲ್ಲಿ ನೀರು ಕುಡಿಯಲು ಇಳಿದ ದನಗಳು ಅಂಚಿನ ಕೆಸರಿನಲ್ಲಿ ಹೂತು ನಿಲ್ಲುತ್ತವೆ. ಅಲ್ಲಿ ಯಾರಾದರೂ ಓಡುವುದು ಕಂಡರೆ ಊರವರು ಏನು, ಎತ್ತ ಎಂದು ಕೇಳುತ್ತಾ ಕೂರುವುದಿಲ್ಲ. ಹಗ್ಗ, ಬಿದಿರಿನ ಗಳ ಎತ್ತಿಕೊಂಡು ಹಿಂದೆಯೇ ಓಡುತ್ತಾರೆ. ನನಗೂ ಇದು ಗೊತ್ತು, ನಾನೂ ಹಾಗೆ ಓಡಿದವನೇ. ಶೂ ಹಾಕಿಕೊಂಡ ಮೇಲೆ ಮರೆತಿತ್ತು.

ಒಂದು ಬೆಳಿಗ್ಗೆ ಹಿಂದೆ ಸದ್ದಾಯಿತೆಂದು ತಿರುಗಿ ನೋಡಿದರೆ, ದಡದಿಂದ ಏಳೆಂಟು ಜನ ನನ್ನತ್ತ ಓಡಿ ಬರುತ್ತಿದ್ದಾರೆ. ಮುಂದೆ ಭಾವ, ಲುಂಗಿ ಎತ್ತಿ ಕಟ್ಟಿ. ಆ ತಿಂಗಳು ಒಂಟಿ ಆನೆಯೊಂದು ನಮ್ಮ ಕಡೆ ತಿರುಗಾಡುತ್ತಿತ್ತು. ಇಷ್ಟು ಜನ ಒಟ್ಟಿಗೆ ಹೀಗೆ ಓಡಬೇಕಾದರೆ ಅವರ ಹಿಂದೆ ಅದೇ ಇರಬೇಕು ಎಂದು ತೀರ್ಮಾನಿಸಿದೆ. ನಿಂತು ಖಚಿತಪಡಿಸಿಕೊಳ್ಳುವಷ್ಟು ವೈಜ್ಞಾನಿಕ ಮನೋಭಾವ ನನ್ನಲ್ಲಿಲ್ಲ. ವೇಗ ಹೆಚ್ಚಿಸಿದೆ. ನಾನು ವೇಗ ಹೆಚ್ಚಿಸಿದ್ದು ನೋಡಿ, ದನ ಮುಳುಗಿಯೇ ಹೋಯಿತೆಂದು ಅವರೂ ವೇಗ ಹೆಚ್ಚಿಸಿದರು. ಅವರು ಹೆಚ್ಚಿಸಿದ್ದು ನೋಡಿ ನಾನು ಮತ್ತೂ ಹೆಚ್ಚಿಸಿದೆ. ಡಾಕ್ಟರು ಕಂಡಿದ್ದರೆ ಸಂತೋಷಪಡುತ್ತಿದ್ದರು. ಹಳೇ ರಸ್ತೆ ನೀರಿಗೆ ಇಳಿಯುವ ಕಡೆ ನಾನೂ ಇಳಿದೆ, ತೊಡೆಯವರೆಗೆ ಹೂತು ನಿಂತೆ.

ಅವರು ಬಂದು ಮುಟ್ಟಿದರು. ಯಾರ ಹಿಂದೆಯೂ ಏನೂ ಇರಲಿಲ್ಲ.

"ದನ ಎಲ್ಲಿ ಭಾವ?" ಎಂದ ಭಾವ.

"ಯಾವ ದನ? ಆನೆ ಎಲ್ಲಿ?" ಎಂದೆ.

"ಎಂತ ಆನೆ ಮಾರಾಯ! ನೀ ಓಡಿದ್ದು ಎಂತಕ್ಕೆ?"

"ಶುಗರ್ ಇದ್ಯಲ್ಲ, ಅದಕ್ಕೆ."

ಆಮೇಲೆ ಹಿರಿಯರೊಬ್ಬರು, ತಂದ ಹಗ್ಗ ದಂಡ ಆಗಬಾರದಲ್ಲ ಎಂದು, ಅದನ್ನು ನನ್ನ ಕಂಕುಳಿಗೆ ಹಾಕಿಸಿದರು. ದನವನ್ನು ಎಳೆಯುವಾಗ ಹೇಳುವ "ಹೈ, ಹೈ" ಎಂಬ ಕೂಗಿನೊಂದಿಗೆ ಎಳೆದರು. ನಾನು ಬಂದೆ, ಎಡಗಾಲಿನ ಶೂ ಬರಲಿಲ್ಲ. ಗಳ ಹಾಕಿ ಕೆದಕಿದರೂ ಸಿಗಲಿಲ್ಲ; ಬಣ್ಣದ ಬಗ್ಗೆ ಹೆಂಡತಿ ಹೇಳಿದ್ದು ಸುಳ್ಳಾಯಿತು. ದಡಕ್ಕೆ ನಡೆಯುವಾಗ ಭಾವ ಗಂಭೀರವಾಗಿ, "ಶುಗರ್ ಇಷ್ಟು ಜೋರು ಅಂತ ಗೊತ್ತಿರ್ಲಿಲ್ಲ, ಗೊತ್ತಿದ್ರೆ ಬಾಳೆಹಣ್ಣು ತರ್ತಿರ್ಲಿಲ್ಲ" ಎಂದ.

ಶುಗರ್ ತಲೆಗೇರಿ ಹಿನ್ನೀರಿಗೆ ಓಡಿದ ಮನುಷ್ಯನ ಸುದ್ದಿ ಮಧ್ಯಾಹ್ನದ ಬಸ್ಸಿನಲ್ಲಿ ಜಯಪುರ ತಲುಪಿತು. ಕೆರೆ ಏರಿಯ ಮನೆಗಳಲ್ಲಿ ನನ್ನನ್ನು ಕಂಡರೆ ಬೆಲ್ಲದ ಡಬ್ಬಿ ಮುಚ್ಚಿ ಬಿಸಿನೀರು ಕೊಟ್ಟರು. ಶೃಂಗೇರಿಯಲ್ಲಿ ನೆಂಟರ ಮನೆಯ ಉಪನಯನಕ್ಕೆ ಹೋದರೆ, ಪಾಯಸ ಬಡಿಸುವವನು ನನ್ನ ಎಲೆಯ ಹತ್ತಿರ ಬಂದವನೇ ಮುಖ ನೋಡಿ, "ಓ, ನೀವೇ ಅಲ್ದಾ" ಎಂದು ಮುಂದಿನ ಎಲೆಗೆ ಹೋದ. ಹೋಳಿಗೆಯವನು ಬರಲೇ ಇಲ್ಲ. ಬೆಳಗಿನ ಹೊತ್ತು ಹಳೆಯ ಚಪ್ಪಲಿಯಲ್ಲಿ ಟಾರು ರಸ್ತೆಗೆ ಇಳಿದರೆ, ಬೈಕಿನವರು ನಿಲ್ಲಿಸದೆ, ದೂರದಿಂದಲೇ ಹಾರ್ನ್ ಹೊಡೆದು ದಾಟಿದರು. ಬೇರೆ ದಾರಿ ಕಾಣದೆ ನಡೆದೆ.

ಮೇ ಕೊನೆಯಲ್ಲಿ ಕೊಪ್ಪದಲ್ಲಿ ರಕ್ತ ಕೊಟ್ಟೆ, ಗೋಡೆಯ ಕಡೆ ಮುಖ ಮಾಡಿ. ಶುಗರ್ ಇಳಿದಿತ್ತು. ಡಾಕ್ಟರು ಇಂಜೆಕ್ಷನ್ ಬರೆಯಲಿಲ್ಲ.